ಹನ್ನೊಂದಕ್ಕೆ ಕೆಂಪಾಗುವ ಕೆರೆ

೨೦೨೩ರ ಫೆಬ್ರವರಿಯಲ್ಲಿ ನಾನು ಸಾಗರದ ಒಂದು ನೀರು ಪರೀಕ್ಷಾಲಯದಲ್ಲಿ ಹಿರಿಯ ವಿಶ್ಲೇಷಕಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಇಪ್ಪತ್ತೊಂಬತ್ತು ವರ್ಷ ಬಾಟಲಿಯಲ್ಲಿ ನೀರು ನೋಡಿದವಳಿಗೆ ನೀರು ಇನ್ನೇನು ಹೊಸತು ತೋರಿಸೀತು ಎಂಬ ಹಮ್ಮು ಆಗ ನನಗಿತ್ತು. ಅದನ್ನು ಇಳಿಸಿದ್ದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಕೆರೆ. ಊರಿನ ನಿಜವಾದ ಹೆಸರು ಬೇಡ, ಕೆರೆಕೊಪ್ಪ ಎಂದಿಟ್ಟುಕೊಳ್ಳೋಣ.

ಅಲ್ಲಿಂದ ಒಂದು ದೂರು ಬಂತು. ಕೆರೆ ದಿನವೂ ಕೆಂಪಾಗುತ್ತಿದೆ, ದಡದಲ್ಲಿ ಅಡಿಕೆ ಬೇಯಿಸುವ ಲಕ್ಷ್ಮಕ್ಕ ಎಂಬಾಕೆ ಚೊಗರನ್ನು ನೀರಿಗೆ ಬಿಡುತ್ತಿದ್ದಾಳೆ, ಪರೀಕ್ಷಿಸಿ ವರದಿ ಕೊಡಿ ಎಂದು. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಗಾಢ ಕೆಂಪು ರಸವೇ ಚೊಗರು. ಲಕ್ಷ್ಮಕ್ಕನಿಗೆ ಸ್ವಂತ ತೋಟವಿರಲಿಲ್ಲ. ಸಣ್ಣ ಬೆಳೆಗಾರರ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೊಡುವುದು ಅವಳ ಕಸುಬು. ಜೊತೆಗೆ ನಾಲ್ವರು ಹೆಂಗಸರು ದುಡಿಯುತ್ತಿದ್ದರು. ಒಲೆಯ ಚಪ್ಪರ ಇದ್ದದ್ದು ಊರೊಟ್ಟಿನ ಜಾಗದಲ್ಲಿ. ದೂರು ನಿಜವಾದರೆ ಅದನ್ನು ಕೀಳುವುದೆಂದು ಊರಿನ ಸಭೆ ಆಗಲೇ ತೀರ್ಮಾನಿಸಿತ್ತು.

ನಾನು ಹೋದದ್ದು ಬೆಳಗಿನ ಎಂಟು ಗಂಟೆಗೆ. ಗುಡ್ಡದ ನೆರಳು ಇನ್ನೂ ಕೆರೆಯ ಮೇಲಿತ್ತು. ನೀರು ಹಸಿರಾಗಿತ್ತು, ಮಲೆನಾಡಿನ ಯಾವ ಕೆರೆಯೂ ಇರುವ ಹಾಗೆ. ದೂರು ಕೊಟ್ಟ ಗಣಪಣ್ಣ ದಡದಲ್ಲೇ ನಿಂತಿದ್ದರು. ಹನ್ನೆರಡು ದನ ಸಾಕಿದ್ದ, ಮಾತಿಗೆ ಊರಲ್ಲಿ ತೂಕವಿದ್ದ ಮನುಷ್ಯ.

"ಈಗಲ್ಲ ಮೇಡಂ, ಬಿಸಿಲು ಏರ್ಲಿ. ಅವಳು ಒಲೆ ಹಚ್ಚೋದು ಒಂಬತ್ತಕ್ಕೆ. ಹನ್ನೊಂದಕ್ಕೆ ಕೆರೆ ಕೆಂಪು. ಸಂಜೆ ಒಲೆ ಆರ್ತು ಅಂದ್ರೆ ಮತ್ತೆ ಹಸಿರು. ಇನ್ನೆಂತ ಸಾಕ್ಷಿ ಬೇಕು?"

ನನಗೆ ಅಂದು ಇನ್ನೂ ಮೂರು ಊರುಗಳಿದ್ದವು. ಎರಡು ಬಾಟಲಿ ನೀರು ತುಂಬಿಕೊಂಡು ಹೊರಟುಬಿಟ್ಟೆ. ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇರುತ್ತದೆ. ಅದಿರುವ ನೀರಿಗೆ ಫೆರಿಕ್ ಕ್ಲೋರೈಡ್ ಹನಿಸಿದರೆ ಕಪ್ಪಾಗುತ್ತದೆ. ಈ ನೀರು ಕಪ್ಪಾಗಲಿಲ್ಲ. ಪಾಚಿ ಬರಿಗಣ್ಣಿಗೇ ಕಾಣುತ್ತಿದ್ದುದರಿಂದ ಮೈಕ್ರೋಸ್ಕೋಪಿನ ಗೋಜಿಗೆ ಹೋಗಲಿಲ್ಲ. "ಬಣ್ಣ: ಹಸಿರು. ಟ್ಯಾನಿನ್: ಇಲ್ಲ" ಎಂದು ಬರೆದು ಸಹಿ ಹಾಕಿದೆ. ಲಕ್ಷ್ಮಕ್ಕನಿಗೆ ಉಪಕಾರ ಮಾಡಿದೆನೆಂದೇ ತಿಳಿದಿದ್ದೆ.

ಆದದ್ದು ತಿರುಗುಮುರುಗು. ಇಡೀ ಊರಿಗೆ ಕೆಂಪಾಗಿ ಕಾಣುತ್ತಿರುವ ನೀರನ್ನು ಹಸಿರು ಎಂದು ಬರೆದ ವರದಿಯನ್ನು ಯಾರು ನಂಬುತ್ತಾರೆ? ಮೇಡಂ ಅವಳ ಕಡೆಯವರು ಎಂದು ಮಾತಾಯಿತು. ಬೇಯಿಸಲು ಕೊಟ್ಟಿದ್ದ ಅಡಿಕೆಯನ್ನು ಇಬ್ಬರು ವಾಪಸ್ ಒಯ್ದರು.

ವಾರದ ನಂತರ, ಮಧ್ಯಾಹ್ನ ಎರಡಕ್ಕೆ, ಸುಮಾರು ಐವತ್ತರ ಹೆಂಗಸೊಬ್ಬಳು ಪರೀಕ್ಷಾಲಯಕ್ಕೆ ಬಂದಳು. ಬೆರಳ ತುದಿಗಳು ಅಡಿಕೆ ಸುಲಿದು ಕಪ್ಪಾಗಿದ್ದವು. ತಾನು ಲಕ್ಷ್ಮಕ್ಕ ಎಂದು ಹೇಳಿ, ಬಟ್ಟೆಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದಳು.

"ನಿನ್ನೆ, ಇವತ್ತು ಎರಡು ದಿನ ಒಲೇನೇ ಹಚ್ಲಿಲ್ಲ ಮೇಡಂ. ಆದ್ರೂ ಕೆಂಪಾತು. ಅದ್ನೇ ತುಂಬ್ಕಂಡ್ ಬಂದೀನಿ, ನೋಡಿ."

ಬಾಟಲಿಯ ನೀರು ಹಸಿರಾಗಿತ್ತು. ಅವಳ ಮುಖ ಸಪ್ಪಗಾಯಿತು.

"ಅಯ್ಯೋ, ಕೆಂಪಿತ್ತು ಮೇಡಂ! ನನ್ನ ಕೈಯಾರೆ ತುಂಬಿದ್ದು. ಚೊಗರು ಚೆಲ್ಲೋಕೆ ನಂಗೆ ಹುಚ್ಚಾ? ಮುಂದಿನ ಹಂಡೆಗೆ ಅದೇ ಬೇಕಲ್ಲ, ಅಡಿಕೆಗೆ ಬಣ್ಣ ಬರೋದೇ ಅದ್ರಿಂದ. ಒಲೆ ಹೋದ್ರೆ ಹೋಗ್ಲಿ, ಕೂಲಿಗೆ ಹೋಗ್ತೀನಿ. ಕುಡಿಯೋ ನೀರು ಕೆಡ್ಸಿದೋಳು ಅಂತ ಹೆಸ್ರು ಬಂದ್ರೆ ಆ ಊರಲ್ಲಿ ಹ್ಯಾಂಗ್ ಇರ್ಲಿ?"

ನಿಜ ಹೇಳುತ್ತೇನೆ, ನಾನು ಅವಳನ್ನು ನಂಬಲಿಲ್ಲ. ಕೂತಿರಿ ಎಂದು ಹೇಳಿ, ಬಾಟಲಿಯನ್ನು ಕಿಟಕಿಯ ಕಟ್ಟೆಗೆ ಸರಿಸಿ, ನನ್ನ ಕೆಲಸಕ್ಕೆ ಹೋದೆ. ಪಡುವಣ ಕಿಟಕಿ, ಸುಡುವ ಬಿಸಿಲು. ಮುಕ್ಕಾಲು ಗಂಟೆಯ ಮೇಲೆ ಅವಳೇ ಕೂಗಿದಳು, "ಮೇಡಂ, ಬನ್ನಿ ಬನ್ನಿ!" ಬಾಟಲಿಯ ಕತ್ತಿನಲ್ಲಿ ಇಟ್ಟಿಗೆಯ ಬಣ್ಣದ ಕೆನೆ ಕಟ್ಟಿತ್ತು. ಇಬ್ಬರೂ ಬಗ್ಗಿ ನೋಡಿದೆವು. ಆ ಬಾಟಲಿಗೆ ಯಾರೂ ಏನೂ ಹಾಕಿರಲಿಲ್ಲ, ಬಿಸಿಲನ್ನು ಬಿಟ್ಟರೆ.

ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟೆ. ನೂಲುವ ಕದಿರಿನಾಕಾರದ ಜೀವಿಗಳು ನೂರಾರು, ಮೈ ಹಿಂಡಿಕೊಂಡು, ಹಿಗ್ಗಿಕೊಂಡು ಹೊರಳುತ್ತಿದ್ದವು. ಇದು ಯೂಗ್ಲೀನಾ, ಒಂದೇ ಕೋಶದ ಜೀವಿ. ಗಿಡದಂತೆ ಹಸಿರೂ ಉಂಟು, ಪ್ರಾಣಿಯಂತೆ ಓಡಾಟವೂ ಉಂಟು. ಅದರ ಒಂದು ಜಾತಿಯಲ್ಲಿ ಕೆಂಪು ಕಣಗಳಿರುತ್ತವೆ. ಬಿಸಿಲು ಕಡಿಮೆಯಿದ್ದಾಗ, ಲಕ್ಷ್ಮಕ್ಕನ ಬಟ್ಟೆಚೀಲದೊಳಗೆ ಆದಂತೆ, ಅವು ಕೋಶದ ನಡುವೆ ಗುಂಪಾಗಿ, ಹೊರಗಿನ ಹಸಿರು ಕಾಣುತ್ತದೆ. ಬಿಸಿಲು ಜೋರಾದರೆ ಕಣಗಳು ಅಂಚಿಗೆ ಹರಡಿ ಹಸಿರಿನ ಮೇಲೆ ಕೊಡೆ ಹಿಡಿಯುತ್ತವೆ. ಆಗ ಕೆರೆಯೇ ಕೆಂಪು. ಕಾವ್ಯಗಳ ಕೊಳದಲ್ಲಿ ತಾವರೆಯೂ ಹಂಸವೂ ಇರುತ್ತವೆ. ಇಂಥದ್ದೊಂದು ನಾಟಕ ದಿನವೂ ನಡೆಯುತ್ತಿರುವುದನ್ನು ಯಾವ ಕವಿಯೂ ನನಗೆ ಹೇಳಿರಲಿಲ್ಲ. ನಾನಂತೂ ಇದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಬರೆದು ಮರೆತೂ ಇದ್ದೆ.

ಮರುದಿನ ಬೆಳಿಗ್ಗೆ ಏಳಕ್ಕೇ ಮೈಕ್ರೋಸ್ಕೋಪು ಸಮೇತ ಕೆರೆಕೊಪ್ಪಕ್ಕೆ ಹೋದೆ. ನನ್ನ ಮಾತಿನಂತೆ ಲಕ್ಷ್ಮಕ್ಕ ಅಂದೂ ಒಲೆ ಹಚ್ಚಲಿಲ್ಲ. ಹಂಡೆಯನ್ನು ಬರಿದು ಮಾಡಿ ದಡದಲ್ಲಿ ಕವುಚಿಟ್ಟಳು. ಕೆರೆಯ ಒಂದು ಮೂಲೆಗೆ ನಾಲ್ಕು ಗಳ ಹುಗಿದು ಟಾರ್ಪಾಲು ಕಟ್ಟಿಸಿದೆ. ಊರಿನ ಮೂವತ್ತು ಮಂದಿ ಸೇರಿದ್ದರು. ಗಣಪಣ್ಣ ಪಕ್ಕದವರೊಡನೆ ತಮ್ಮ ಮನೆಮಾತಿನಲ್ಲಿ, "ಎಂತದೂ ಆಗ್ತಿಲ್ಲೆ, ಸುಮ್ನೆ ನೋಡು" ಎಂದದ್ದು ನನ್ನ ಕಿವಿಗೂ ಬಿತ್ತು.

ಒಂಬತ್ತಾಯಿತು, ಹತ್ತಾಯಿತು. ಅಂದು ಮೋಡ ಕವಿದರೆ ಅವಳ ಗತಿಯೇನು? ಹತ್ತೂವರೆಗೆ ಕೆರೆಯ ನಡುವೆ ತುಕ್ಕಿನಂಥ ಬಣ್ಣ ಎದ್ದಿತು. ಹನ್ನೊಂದಕ್ಕೆ ಇಡೀ ಕೆರೆ ಕೆಂಪಾಯಿತು, ಟಾರ್ಪಾಲಿನ ನೆರಳಿನ ಆ ಒಂದು ಚೌಕವನ್ನು ಬಿಟ್ಟು. ಅದು ಹಸಿರಾಗಿಯೇ ಉಳಿಯಿತು.

ಮೊದಲು ಮಾತಾಡಿದ್ದು ಲಕ್ಷ್ಮಕ್ಕ. "ನನ್ನ ಒಲೆ ಆರಿ ಮೂರ್ ದಿನ ಆತು ಗಣಪಣ್ಣ. ಈಗ ಯಾರ ಒಲೆ ಉರೀತಾ ಇದೆ?"

ಗಣಪಣ್ಣ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತುಂಬ ಹೊತ್ತು ಎತ್ತಲಿಲ್ಲ. ಎತ್ತಿದಾಗ ಕೇಳಿದ್ದು ಒಂದೇ ಪ್ರಶ್ನೆ: "ಇವಕ್ಕೆ ಊಟ ಎಂತದು?" ಗೊಬ್ಬರದ ಸತ್ವ ಸೇರಿದ ನೀರು ಎಂದೆ. ಅವರು ತಲೆಯೆತ್ತಿ ಮೇಲಿನ ಮನೆಗಳ ಕಡೆ ನೋಡಿದರು. ಮೊದಲೆಲ್ಲ ಕೊಟ್ಟಿಗೆಗೆ ದರಕು, ಅಂದರೆ ಒಣ ಎಲೆ ಹಾಸುತ್ತಿದ್ದರು. ಸಗಣಿ, ಗಂಜಲ ಎಲ್ಲ ಅದರಲ್ಲೇ ಇಂಗಿ ಗೊಬ್ಬರಗುಂಡಿ ಸೇರುತ್ತಿತ್ತು. ಈಚೆಗೆ ಕೊಟ್ಟಿಗೆಗಳಿಗೆ ಸಿಮೆಂಟು ಹಾಕಿಸಿ ಪೈಪು ಹಿಡಿದು ತೊಳೆಯುತ್ತಿದ್ದರು. ತೊಳೆದ ನೀರು ಇಳಿಯುತ್ತಿದ್ದದ್ದು ಕೆರೆಗೆ. ಮೊದಲು ಸಿಮೆಂಟು ಹಾಕಿಸಿದವರು ಗಣಪಣ್ಣನೇ. ಅದನ್ನು ನಾನು ಹೇಳಲಿಲ್ಲ, ಅವರೇ ಎಲ್ಲರೆದುರು ಹೇಳಿದರು. ಆ ಮನುಷ್ಯನ ಮೇಲೆ ಅಂದು ನನಗೆ ಗೌರವ ಹುಟ್ಟಿತು. ಹದಿನೈದು ದಿನದೊಳಗೆ ಚರಂಡಿಯನ್ನು ತೋಟಗಳ ಕಡೆ ತಿರುಗಿಸಿದರು. ಚಪ್ಪರಕ್ಕೆ ಯಾರೂ ಕೈ ಹಚ್ಚಲಿಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಆ ಊರಿಗೆ ಹೇಳಿ ಬರಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಹೇಳುವ ಮುಖ ನನಗಿರಲಿಲ್ಲ. ಊರಿನವರು ಕಂಡದ್ದನ್ನು ತಪ್ಪಾಗಿ ತಿಳಿದಿದ್ದರು, ನಾನು ಕಾಣಲು ನಿಂತೇ ಇರಲಿಲ್ಲ.

ಹೊರಡುವಾಗ ಲಕ್ಷ್ಮಕ್ಕ ಜೀಪಿನವರೆಗೆ ಬಂದಳು. ಥ್ಯಾಂಕ್ಸ್ ಹೇಳಬಹುದೆಂದು ನಾಚಿಕೆಯಿಲ್ಲದೆ ಕಾಯುತ್ತಿದ್ದೆ. ಅವಳು ಕೆರೆಯ ಕಡೆ ನೋಡುತ್ತ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಮೊದಲ್ನೇ ದಿನಾನೇ ಒಂದ್ ಮೂರ್ ತಾಸು ನಿಂತಿದ್ರೆ ಆಗ್ತಿತ್ತಲ್ಲ ಮೇಡಂ."

ಉಳಿದ ಹದಿನಾಲ್ಕು ತಿಂಗಳಲ್ಲಿ ನಾನು ಮೊದಲಿನ ಅರ್ಧದಷ್ಟು ಊರುಗಳನ್ನೂ ಮುಗಿಸಲಿಲ್ಲ. ಕಾರಣ ಕೇಳಿ ಮೇಲಿನವರು ಎರಡು ಸಲ ಪತ್ರ ಬರೆದರು. "ನೀರಿನ ಹತ್ತಿರ ನಿಂತಿದ್ದೆ" ಎಂದು ಎರಡು ಸಲವೂ ಉತ್ತರ ಬರೆದೆ.