ಗ್ಲೌಸ್ ನೋಡಿ ನಾನು ಹೇಳಿದ ಮಾತು

ಜರ್ಸಿ ಸಿಟಿಯ ಬ್ಯಾಂಕೊಂದರ ಬ್ಯಾಕ್ ಆಫೀಸಿನಲ್ಲಿ ಐಟಿ ನೋಡಿಕೊಳ್ಳುತ್ತಿದ್ದ ನಮ್ಮ ಇಡೀ ಮಹಡಿಯನ್ನು ಒಂದೇ ಬೆಳಿಗ್ಗೆ ಕೆಲಸದಿಂದ ತೆಗೆದು ಖಾಲಿ ಮಾಡಿಸಿದರು. ಆಮೇಲೆ ಏಳು ತಿಂಗಳು ನಾನು ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದೆ. ಹೆಂಡತಿ ಫಾರ್ಮಸಿಗೆ ಹೊರಡುವಾಗ ಬಾಗಿಲ ತನಕ ಹೋಗಿ ಕಳಿಸಿಬರುವುದೇ ನನ್ನ ದಿನದ ಮುಖ್ಯ ಕೆಲಸ. ಕೊನೆಗೆ ಸಿಕ್ಕಿದ್ದು ಒಂದು ಸೀಸನ್ನಿನ ಕಾಂಟ್ರ್ಯಾಕ್ಟ್. ಒಂದು ಫುಟ್‌ಬಾಲ್ ತಂಡಕ್ಕೆ, ಅಂದರೆ ಇಲ್ಲಿಯವರು ಫುಟ್‌ಬಾಲ್ ಅನ್ನುವ ಆ ಹೆಲ್ಮೆಟ್ ಆಟದ ತಂಡಕ್ಕೆ, ಎದುರಾಳಿಗಳ ಆಟದ ವಿಡಿಯೋ ಕತ್ತರಿಸಿ ಜೋಡಿಸಿ ಕೊಡಬೇಕು. ಮೈಸೂರಿನಲ್ಲಿ ಹಾಕಿ ಆಡಿಕೊಂಡು ಬೆಳೆದ ನನಗೆ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಗೊತ್ತಿರಬೇಕು ಅಂತ ಯಾರೂ ಕೇಳಲೂ ಇಲ್ಲ.

ಸೀಸನ್ನಿನ ಮೊದಲ ಪಂದ್ಯದಲ್ಲೇ ನಮ್ಮ ಮುಖ್ಯ ಕಾರ್ನರ್‌ಬ್ಯಾಕ್‌ನ ತೊಡೆಯ ಸ್ನಾಯು ಹರಿಯಿತು. ಎದುರು ತಂಡದಲ್ಲಿ ದೂರ ಓಡಿ ಚೆಂಡು ಹಿಡಿಯುವವನು ರಿಸೀವರ್. ಅವನಿಗೆ ಅಂಟಿಕೊಂಡು ಓಡಿ ಚೆಂಡು ಸಿಗದಂತೆ ಮಾಡುವವನು ಕಾರ್ನರ್‌ಬ್ಯಾಕ್. ರಿಸೀವರ್‌ಗೆ ತಾನು ಎಲ್ಲಿಗೆ ಹೋಗುತ್ತೇನೆಂದು ಗೊತ್ತಿರುತ್ತದೆ, ಇವನಿಗೆ ಗೊತ್ತಿರುವುದಿಲ್ಲ. ಅವನು ಮುಂದಕ್ಕೆ ಓಡುತ್ತಾನೆ, ಇವನು ಹಿಂದಕ್ಕೆ. ಮುಂದಿನ ಭಾನುವಾರ ಎದುರಾಗುವವನು ಹತ್ತು ವರ್ಷದಿಂದ ಆಡುತ್ತಿದ್ದ, ದೇಶದಲ್ಲೇ ಹೆಸರು ಮಾಡಿದ ರಿಸೀವರ್. ಅವನ ಮುಂದೆ ನಿಲ್ಲಬೇಕಾದವನು ನಾಲ್ಕು ತಿಂಗಳ ಹಿಂದೆ ಕಾಲೇಜು ಮುಗಿಸಿ ಬಂದಿದ್ದ, ದಕ್ಷಿಣದ ಕಡೆಯ, ಇಪ್ಪತ್ತೆರಡು ವರ್ಷದ ಹೊಸಬ. ಸೋಮವಾರ ಕೋಚ್ ಅವನಿಗೆ ಈ ವಿಷಯ ಹೇಳಿದಾಗ ಸರಿ ಅಂತಷ್ಟೇ ಅಂದು, ಎದ್ದು ಹೋಗಿ ಶೂ ಲೇಸು ಮತ್ತೆ ಕಟ್ಟಿಕೊಂಡ.

ಕೋಚ್‌ಗೆ ಅರವತ್ತು ದಾಟಿತ್ತು. ಎರಡೂ ಮಂಡಿಗೆ ಆಪರೇಷನ್ ಆಗಿದ್ದರಿಂದ ಮೈದಾನದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೇ ಕಲಿಸುತ್ತಿದ್ದರು. ಹೊಸಬನ ಕಾಯಿಲೆ ಒಂದೇ, ಓಡುವವನ ಮುಖ ನೋಡುವುದು. ಮುಖ ಒಂದು ಕಡೆ ತಿರುಗಿಸಿ ಮೈ ಇನ್ನೊಂದು ಕಡೆ ಒಯ್ಯುವುದು ದೊಡ್ಡ ರಿಸೀವರ್‌ಗಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಸೊಂಟ ತಿರುಗದೆ ಯಾರೂ ತಿರುಗಲಾರರು. ಅದಕ್ಕೇ ಕೋಚ್ ಅಭ್ಯಾಸಕ್ಕೆ ಓಡುವವನ ಸೊಂಟಪಟ್ಟಿಗೆ ಹಳದಿ ಟೇಪ್ ಅಂಟಿಸಿ, ಅದನ್ನು ಬಿಟ್ಟು ಇನ್ನೇನನ್ನೂ ನೋಡಬೇಡ ಅಂತ ಇವನನ್ನು ಹಿಂದಕ್ಕೆ ಓಡಿಸುತ್ತಿದ್ದರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಅವನ ಮೀನಖಂಡ ನಡುಗುತ್ತಿತ್ತು. ‘ಇನ್ನೊಂದು ಸಲ’ ಅನ್ನುವ ಕೋಚ್ ದನಿಯಲ್ಲೂ ಶಕ್ತಿ ಉಳಿದಿರಲಿಲ್ಲ.

ಅದು ರಂಜಾನಿನ ಕೊನೆಯ ವಾರ. ಸಹರಿಯ ಊಟ ಮುಗಿಸಿ, ನಮಾಜು ಮಾಡಿ, ಕತ್ತಲಲ್ಲೇ 287ನೇ ಹೆದ್ದಾರಿಯ ಮೇಲೆ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ. ಹತ್ತು ಗಂಟೆಗೆಲ್ಲ ಸ್ಕ್ರೀನಿನ ಬೆಳಕಿಗೆ ಕಣ್ಣು ಉರಿಯುತ್ತಿತ್ತು. ಹೊಸಬ ನನ್ನ ಪಕ್ಕ ಕೂತು ವಿಡಿಯೋ ನೋಡುವಾಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನಾನು ಯಾಕೆ ಏನೂ ಮುಟ್ಟುವುದಿಲ್ಲ ಅಂತ ಒಂದು ದಿನ ಕೇಳಿದ, ಹೇಳಿದೆ. ನೀರು ಕೂಡ ಇಲ್ಲವಾ ಅಂತ ಇನ್ನೊಮ್ಮೆ ಕೇಳಿದ. ಮಾರನೇ ದಿನದಿಂದ ಹೊರಗೆ ನಿಂತು ತಿಂದು, ಬಾಯಿ ಒರೆಸಿಕೊಂಡು ಒಳಗೆ ಬರತೊಡಗಿದ.

ಗುರುವಾರ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ತನ್ನ ಕಡೆ ಚೆಂಡು ಬರುವುದಿದ್ದರೆ ಆ ರಿಸೀವರ್ ಓಟ ಶುರುವಾಗುವ ಮುಂಚೆ ಸಾಲಿನಲ್ಲಿ ನಿಂತಾಗಲೇ ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಎಳೆದುಕೊಳ್ಳುತ್ತಿದ್ದ. ಬರದಿದ್ದರೆ ಇಲ್ಲ. ವಿಡಿಯೋ ಹಿಂದೆ ಮುಂದೆ ಓಡಿಸಿ ಓಡಿಸಿ ನೋಡಿದೆ. ಹೆಚ್ಚುಕಡಿಮೆ ಎಲ್ಲ ಕಡೆ ಹಾಗೇ ಇತ್ತು. ಕೋಚ್‌ಗೆ ಹೇಳಬೇಕಿತ್ತು. ನಾನು ಹೇಳಿದ್ದು ಹೊಸಬನಿಗೆ, ಕಾರಿಡಾರಿನಲ್ಲಿ, ದನಿ ತಗ್ಗಿಸಿ. ಏಳು ತಿಂಗಳಿಂದ ನನ್ನಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ನಾನು ಕಂಡುಹಿಡಿದದ್ದು ಒಬ್ಬನ ಕೈಗೆ ನೇರವಾಗಿ ನನ್ನಿಂದಲೇ ಸಿಗಲಿ ಅನ್ನುವ ಆಸೆ, ಅಷ್ಟೇ.

ಭಾನುವಾರ ಈದ್. ಮಸೀದಿಯ ಮೊದಲ ಜಮಾತಿನಲ್ಲಿ ನಮಾಜು ಮುಗಿಸಿ, ಹೆಂಡತಿ ಮಗಳನ್ನು ಅಲ್ಲೇ ಬಿಟ್ಟು ಸ್ಟೇಡಿಯಮ್ಮಿಗೆ ಹೊರಟೆ. ಮೊದಲರ್ಧ ನನ್ನ ಮಾತು ನಿಜವಾಗುತ್ತಾ ಹೋಯಿತು. ಅವನು ಗ್ಲೌಸ್ ಎಳೆದ, ಚೆಂಡು ಬಂತು, ಹೊಸಬ ಕೈ ಚಾಚಿ ತಟ್ಟಿ ಕೆಡವಿದ. ಮೇಲೆ ಗಾಜಿನ ಕೋಣೆಯಲ್ಲಿ ಕ್ಯಾಮೆರಾಗಳ ನಡುವೆ ಕೂತ ನನಗೆ ನಗು ತಡೆಯಲಾಗಲಿಲ್ಲ. ನಾಲ್ಕು ಭಾಗಗಳ ಆಟದ ಮೂರನೇ ಭಾಗದಲ್ಲಿ ಒಮ್ಮೆ ರಿಸೀವರ್ ಗ್ಲೌಸ್ ಮುಟ್ಟಲಿಲ್ಲ. ಹೊಸಬ ನಿರಾಳನಾದದ್ದು ಅಲ್ಲಿಂದಲೇ ಕಾಣಿಸಿತು. ಹಿಮ್ಮಡಿ ನೆಲಕ್ಕೆ ತಾಗಿತು, ಕತ್ತು ಮೈದಾನದ ಮಧ್ಯಕ್ಕೆ ತಿರುಗಿತು. ಆ ಅರೆಗಳಿಗೆಯಲ್ಲಿ ರಿಸೀವರ್ ಅವನನ್ನು ದಾಟಿ ಹೋಗಿದ್ದ. ಚೆಂಡು ಅವನ ಕೈಗೆ ಇಳಿದಾಗ ಸುತ್ತ ಯಾರೂ ಇರಲಿಲ್ಲ. ಬೇಕೆಂದೇ ಮೋಸ ಮಾಡಿದನೋ, ಆ ಸಲ ಗ್ಲೌಸ್ ಸರಿಯಾಗಿ ಕೂತಿತ್ತೋ, ಇವತ್ತಿಗೂ ಗೊತ್ತಿಲ್ಲ. ನಾವು ಸೋತೆವು.

ಸೋಮವಾರ ಎಲ್ಲರ ಎದುರು ಕೋಚ್ ಆ ತುಣುಕು ಹಾಕಿಸಿದರು. ರಿಮೋಟ್ ನನ್ನ ಕೈಯಲ್ಲೇ ಇತ್ತು. ನಿಲ್ಲಿಸು ಅಂದರು, ನಿಲ್ಲಿಸಿದೆ. ನಿನ್ನ ಕಾಲು ಯಾಕೆ ನಿಂತಿತು ಅಂತ ಹೊಸಬನನ್ನು ಕೇಳಿದರು.

‘ನನ್ನ ತಪ್ಪು, ಕೋಚ್’ ಅಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕೋಚ್ ರೂಮಿಗೆ ಹೋಗಿ, ನಿಂತೇ ಎಲ್ಲ ಹೇಳಿದೆ. ಅವರು ಮಂಡಿ ನೀವಿಕೊಳ್ಳುತ್ತಾ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯದೆ ಹೀಗಂದರು: ‘ಈಗ ಅವನ ತಲೆಯಲ್ಲಿ ಒಂದೇ ಮಾತಿಗೆ ಜಾಗ ಇರೋದು. ಸೊಂಟ ನೋಡು ಅನ್ನೋದನ್ನು ಹಾಕೋಕೆ ನನಗೆ ನಾಲ್ಕು ತಿಂಗಳು ಹಿಡೀತು. ನೀನು ಎರಡನೇದು ಹಾಕಿದೆ.’ ಇನ್ನು ಮುಂದೆ ಕಂಡದ್ದನ್ನು ಮೊದಲು ನನಗೆ ಹೇಳು, ಕಣ್ಣಂತೂ ಚುರುಕಾಗಿದೆ ಅಂತ ಸೇರಿಸಿ, ಕುರ್ಚಿ ಹಿಡಿದುಕೊಂಡು ಎದ್ದರು.

ಹೊಸಬನ ಹತ್ತಿರ ಕ್ಷಮೆ ಕೇಳಿದೆ. ‘ಕತ್ತು ತಿರುಗಿಸಿದ್ದು ನಾನು, ಸರ್, ನೀವಲ್ಲ’ ಅಂದು, ಮುಂದಿನ ವಾರದ ರಿಸೀವರ್‌ನ ವಿಡಿಯೋ ರೆಡಿ ಇದೆಯಾ ಅಂತ ಕೇಳಿದ. ಇರಲಿಲ್ಲ. ಕೂತು ಕತ್ತರಿಸತೊಡಗಿದೆ. ಅವನು ಪಕ್ಕದಲ್ಲೇ ಕುರ್ಚಿಗೆ ಒರಗಿ, ಬೂಟು ಕಳಚದೆ, ನಿದ್ದೆ ಹೋದ. ಎಬ್ಬಿಸಲಿಲ್ಲ.

ಅವನು ಇನ್ನೂ ಆರು ಪಂದ್ಯ ಆಡಿದ. ಕೆಲವು ಸಲ ಏಟು ತಿಂದ, ಕೆಲವು ಸಲ ತಡೆದ. ಮುಖ ನೋಡುವುದು ಮಾತ್ರ ಬಿಟ್ಟ. ಗಾಯಗೊಂಡಿದ್ದವನು ವಾಪಸು ಬಂದ ಮೇಲೆ ಹೊಸಬ ಬೆಂಚಿಗೆ ಹೋದ, ಮರುವರ್ಷ ಪಶ್ಚಿಮದ ಯಾವುದೋ ತಂಡಕ್ಕೆ. ನನ್ನ ಕಾಂಟ್ರ್ಯಾಕ್ಟ್ ಸೀಸನ್ನಿನ ಜೊತೆಗೇ ಮುಗಿಯಿತು. ಕೋಚ್ ಕೈಕುಲುಕಿ, ಬೇಕಾದರೆ ನನ್ನ ಹೆಸರು ಹೇಳಿಕೋ ಅಂದರು. ಬೇಸಿಗೆಗೆ ಮಾರಿಸ್‌ಟೌನಿನಲ್ಲಿ ಹಳೆಯ ತರಹದ್ದೇ ಒಂದು ಐಟಿ ಕೆಲಸ ಸಿಕ್ಕಿತು. ಭಾನುವಾರ ಟಿವಿಯಲ್ಲಿ ಆಟ ಬಂದರೆ ಮಗಳು ಕರೆಯುತ್ತಾಳೆ. ಸುಸ್ತಾಗಿದೆ ಅನ್ನುತ್ತೇನೆ. ಅದೂ ಸುಳ್ಳಲ್ಲ.