ನೆನೆದ ಸೇತುವೆ

ಲಾಂಡ್ರಿಯಲ್ಲಿ ಆಕೆಗೆ ‘ಇನ್ನೊಂದ್ಸಲ’ ಎಂದೇ ಅಡ್ಡಹೆಸರು. ಇಸ್ತ್ರಿಪೆಟ್ಟಿಗೆ ಆರಿಸಿ, ಚಪ್ಪಲಿ ಮೆಟ್ಟಿ, ಬಾಗಿಲವರೆಗೆ ಬಂದವಳು "ತಡೀರಿ, ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಒಳಗೆ ಓಡುತ್ತಿದ್ದಳು. ಮನೆಯಲ್ಲೂ ಅಷ್ಟೆ. ಗ್ಯಾಸು, ನಲ್ಲಿ, ಬೀಗ, ಮಗಳ ಜ್ವರ, ಯಾವುದನ್ನೂ ಒಂದೇ ಸಲ ನೋಡಿ ನಂಬಿದವಳಲ್ಲ. ಗಂಡ ಬಸ್ ಡ್ರೈವರ್. "ಇವಳನ್ನ ಬಸ್ಸಲ್ಲಿ ಕೂರಿಸ್ಕೊಂಡ್ರೆ ಪ್ರತಿ ಸ್ಟಾಪಲ್ಲೂ ಇಳಿದು ಚಕ್ರ ಎಣಿಸ್ತಾಳೆ" ಎಂದು ಬಂದವರ ಮುಂದೆಲ್ಲ ನಗುತ್ತಿದ್ದ.

ಇಂಥವಳ ಎದೆ ಹಗುರಾಗುತ್ತಿದ್ದುದು ಮಲಗುವ ಕೋಣೆಯ ಬೀರುವಿನ ಮೇಲಿದ್ದ ಹಸಿರು ಆಲ್ಬಮಿನ ಮುಂದೆ. ಅದರಲ್ಲಿದ್ದದ್ದು ಆಕೆ ಹುಟ್ಟುವ ಮೊದಲೇ ನಡೆದ ಯುದ್ಧದ ವರ್ಷಗಳಲ್ಲಿ ದೇಶ ಹೊರಡಿಸಿದ ಸ್ಮರಣಾರ್ಥ ಅಂಚೆಚೀಟಿಗಳು ಮಾತ್ರ. ಅದಕ್ಕಿಂತ ಹಿಂದಿನದೂ ಬೇಡ, ಆಮೇಲಿನದೂ ಬೇಡ. ಶುರುವಾದದ್ದು ಇಸ್ತ್ರಿಗೆ ಬಂದ ಒಂದು ಹಳೇ ಕೋಟಿನಿಂದ. ಜೇಬಿನಲ್ಲಿ ಸಿಕ್ಕ ಲಕೋಟೆಯನ್ನು ಮರಳಿಸಲು ಹೋದರೆ ಗಿರಾಕಿ "ಎಸೆದ್ಬಿಡಮ್ಮ" ಎಂದ. ಎಸೆಯುವ ಮುನ್ನ ಆಕೆ ಅದರ ಮೇಲಿದ್ದ ಚೀಟಿ ನೋಡಿದಳು. ರೈಲು ಬಂದು ನೂರು ವರ್ಷವಾದ ನೆನಪಿಗೆ ಅಚ್ಚಾದದ್ದು. ಮೊಹರಿನಲ್ಲಿದ್ದದ್ದು ಯುದ್ಧ ಬಿರುಸಾಗಿದ್ದ ವರ್ಷ. ಆಕಾಶದಿಂದ ಬಾಂಬು ಬೀಳುತ್ತಿದ್ದಾಗ ಯಾರೋ ಮೇಜಿನ ಮುಂದೆ ಕೂತು ರೈಲಿನ ಚಕ್ರಗಳನ್ನು ಅಷ್ಟು ನಾಜೂಕಾಗಿ ಬಿಡಿಸಿದ್ದರು. ಹೀಗೂ ಕೂತು ಕೆಲಸ ಮಾಡಬಹುದೇ ಎಂದು ಆಕೆಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಏನೋ ಸಮಾಧಾನವಾಯಿತು.

ಹಾಗೆ ಒಂದೊಂದೇ ಕೂಡಿದವು. ಕೆಂಪು ಬಣ್ಣದ ಆಸ್ಪತ್ರೆ, ಸುಗ್ಗಿಯ ಹೊಲ, ಹಡಗುಕಟ್ಟೆ. ಎಲ್ಲಕ್ಕಿಂತ ಸತಾಯಿಸಿದ್ದು ನೀಲಿ ಸೇತುವೆಯ ಚೀಟಿ. ಅದು ಅಂಚೆ ಕಚೇರಿಗಳನ್ನು ತಲುಪುವಷ್ಟರಲ್ಲಿ ಆ ಹೊಸ ಸೇತುವೆಯೇ ಬಾಂಬಿಗೆ ಬಿದ್ದಿತ್ತಂತೆ. ಮಾರಾಟವಾಗದ ಹಾಳೆಗಳನ್ನು ವಾಪಸು ತರಿಸಿ ಸುಟ್ಟರಂತೆ. ಸಂತೆಬೀದಿಯ ಚೀಟಿ ವ್ಯಾಪಾರಿಯನ್ನು ವರ್ಷಗಟ್ಟಲೆ ಕಾಡಿ, ಕೊನೆಗೂ ಒಂದನ್ನು ದಕ್ಕಿಸಿಕೊಂಡಳು.

ಮಗಳಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾದಾಗ ಅಳಿಯ ಹಡಗಿನ ಕೆಲಸದಲ್ಲಿ ದೂರದಲ್ಲಿದ್ದ. ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಮಧ್ಯಾಹ್ನ ಕಳೆದರೂ ಒಳಗಿನಿಂದ ಸುದ್ದಿಯಿಲ್ಲ. ಅಷ್ಟರಲ್ಲಿ ಆಕೆಯ ಫೋನ್ ಹೊಡೆದುಕೊಂಡಿತು. ಅವರ ಕೆಳಗಿನ ಮನೆಯ ದರ್ಜಿ.

"ಅಕ್ಕಾ, ನಿಮ್ಮನೆಯಿಂದ ನೀರು ಸುರೀತಿದೆ! ನನ್ನ ಹೊಲಿಗೆ ಮಿಷನ್ ಮೇಲೇ ಬೀಳ್ತಿದೆ!"

"ನಲ್ಲಿ ನಿಲ್ಸಿದ್ದೆ ಕಣಪ್ಪಾ, ಮೂರು ಸಲ ನೋಡಿದ್ದೆ."

"ನಲ್ಲಿ ಅಲ್ಲಕ್ಕಾ. ಮಾಳಿಗೆ ಮೇಲಿನ ಟ್ಯಾಂಕಿನ ಪೈಪ್ ಒಡೆದಿದೆ. ನಿಮ್ಮ ಮಲಗೋ ಕೋಣೆ ಮೇಲೇ ನುಗ್ತಿದೆ."

ಆಕೆ ಫೋನ್ ಕೆಳಗಿಳಿಸಿದಳು. ಗಂಡನಿಗೆ ಮುಖ ನೋಡಿಯೇ ಅರ್ಥವಾಯಿತು.

"ನೀನೇ ಹೋಗು, ನಾನಿಲ್ಲಿರ್ತೀನಿ."

"ಇವಳನ್ನ ಬಿಟ್ಟು ಹೆಂಗ್ರೀ ಹೋಗ್ಲಿ?" ಎಂದವಳು ಕೀಲಿಕೈಯನ್ನು ಅವನ ಕೈಗೆ ತುರುಕಿದಳು. "ಬೀರು ಮೇಲಿರೋ ಆಲ್ಬಮ್ಮು..."

ಅವನು ಮೆಟ್ಟಿಲಿಳಿದು ಹೋದ. ಆಕೆಗೆ ಹೆರಿಗೆ ಕೋಣೆಯ ಬಾಗಿಲನ್ನು ನೋಡಿದರೆ ಫೋನಿನ ಚಿಂತೆ, ಫೋನನ್ನು ನೋಡಿದರೆ ಬಾಗಿಲಿನ ಚಿಂತೆ. ಕೊನೆಗೆ ಅವನ ಕರೆ ಬಂತು.

"ನೀರು ನಿಲ್ಲಿಸ್ದೆ. ಆಲ್ಬಮ್ ನೆಂದಿದೆ ಕಣೇ. ಹಾಳೆ ಹಾಳೆ ಅಂಟ್ಕೊಂಡಿವೆ."

"ಚೀಟಿ ಕೀಳ್ಬೇಡಿ! ಒರೆಸ್ಲೂಬೇಡಿ. ಯುದ್ಧದ ಕಾಲದ ಶಾಯಿ, ಮುಟ್ಟಿದ್ರೆ ಬಣ್ಣ ಬಿಡುತ್ತೆ."

"ಮತ್ತೇನ್ ಮಾಡ್ಲಿ? ಊದ್ಲಾ?"

"ಬೀರು ಒಳಗೆ, ಕೆಳಗಿನ ಖಾನೇಲಿ ಮೆತ್ತನೆ ಬಟ್ಟೆ ಇದೆ. ಮೆಲ್ಲಗೆ ಹಾಳೆ ಬಿಡಿಸಿ, ಮಧ್ಯೆ ಮಧ್ಯೆ ಇಡಿ."

"ಇದು ಮಗೂಗೆ ಅಂತ ನೀನು ಒಗೆದು ಮಡಚಿಟ್ಟಿದ್ದಲ್ವಾ?"

"ಇಡಿ ಅಂದ್ನಲ್ಲಾ!"

ಅವನು ಒಂದೊಂದೇ ಹಾಳೆ ಬಿಡಿಸುತ್ತ ವರದಿ ಒಪ್ಪಿಸತೊಡಗಿದ. ರೈಲು ಪಾಸು. ಸುಗ್ಗಿ ಪಾಸು. ಆಸ್ಪತ್ರೆ ಕೆಂಪು ಕಾರ್ತಿದೆ. ಆಗಲೇ ಬಾಗಿಲು ತೆರೆದು ನರ್ಸ್ ಬಂದಳು. "ಮಗೂನ ಎದೆಬಡಿತ ಇಳೀತಿದೆ ಅಮ್ಮಾ. ಈಗ್ಲೇ ಆಪರೇಷನ್ನಿಗೆ ಕರ್ಕೊಂಡು ಹೋಗ್ತಿದ್ದೀವಿ."

ಕಿವಿಯಲ್ಲಿ ಗಂಡ ಇನ್ನೂ ಹೇಳುತ್ತಲೇ ಇದ್ದ. "ಸೇತುವೆ ಒಂಚೂರು ಅಂಟ್ಕೊಂಡಿದೆ, ನಿಧಾನಕ್ಕೆ..."

"ರೀ, ಬಿಡ್ರೀ ಅದನ್ನ! ಬನ್ರೀ ಇಲ್ಲಿಗೆ!" ಎಂದು ಆಕೆ ಕಿರುಚಿದಳು. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವನು ಬಂದಾಗ ಅಂಗಿ ತೊಪ್ಪೆಯಾಗಿತ್ತು. ಆಕೆಯ ಪಕ್ಕ ಕೂತ. ಆಕೆ ಆಲ್ಬಮಿನ ಮಾತೆತ್ತಲಿಲ್ಲ. ಅವನಿಗೇ ತಡೆಯಲಾಗಲಿಲ್ಲ.

"ಸೇತುವೆ ಹರಿದೋಯ್ತು ಕಣೇ. ನೀನು ಕಿರುಚಿದ್ಯಲ್ಲ, ಇವಳಿಗೇನಾಯ್ತೋ ಅಂತ ಕೈ ಎಳೆದ್ಬಿಟ್ಟೆ."

ಆಕೆ ತಲೆಯಾಡಿಸಿದಳು. ಮಾತು ಕೇಳಿಸಿತ್ತು, ಒಳಗೆ ಇಳಿದಿರಲಿಲ್ಲ. ಅವನ ಒದ್ದೆ ತೋಳನ್ನು ಹಿಡಿದುಕೊಂಡೇ ಇದ್ದಳು. ಇಬ್ಬರೂ ಬಾಗಿಲು ನೋಡುತ್ತ ಕೂತರು. ಯಾರೋ ತಳ್ಳುಗಾಡಿ ಉರುಳಿಸಿದರೂ ಎದ್ದು ನಿಲ್ಲುತ್ತಿದ್ದರು.

ನರ್ಸ್ ಮತ್ತೆ ಬಂದು "ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ" ಎಂದಳು.

"ಇನ್ನೊಂದ್ಸಲ ಹೇಳಮ್ಮಾ" ಎಂದಳು ಆಕೆ. ನರ್ಸ್ ನಕ್ಕು ಮತ್ತೆ ಹೇಳಿದಳು. ಗಂಡ ಮಾತ್ರ ನಗಲಿಲ್ಲ. ಅವನಿಗೂ ಅದನ್ನು ಎರಡನೇ ಸಲ ಕೇಳಬೇಕಿತ್ತು.

ಸೇತುವೆಗಾಗಿ ಆಕೆ ಅತ್ತದ್ದು ಮನೆಗೆ ಹಿಂದಿರುಗಿದ ಮೇಲೆ, ಸ್ನಾನದ ಕೋಣೆಯಲ್ಲಿ, ಬಕೆಟಿಗೆ ನೀರು ಬಿಟ್ಟುಕೊಂಡು. ಆಮೇಲೆ ಚಿಮಟ ಹಿಡಿದು ಕೂತಳು. ಹೆಚ್ಚಿನ ಚೀಟಿಗಳು ಬದುಕಿದ್ದವು. ಹಿಂಬದಿಯ ಅಂಟೆಲ್ಲ ತೊಳೆದುಹೋಗಿತ್ತು, ಆಸ್ಪತ್ರೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಸೇತುವೆಯ ಎರಡು ಚೂರುಗಳನ್ನು ಅಂಟಿಸಲು ಹೋಗದೆ ಪಕ್ಕಪಕ್ಕ ಇಟ್ಟಳು.

ಎಲ್ಲ ಒಣಗುವವರೆಗೆ ಊಟದ ಮೇಜು ಚೀಟಿಗಳ ಪಾಲಾಯಿತು. ಮನೆಯವರು ಅಡುಗೆಮನೆಯ ನೆಲದ ಮೇಲೆ ತಟ್ಟೆ ಹಿಡಿದು ಕೂತರು. ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಮೇಜಿನ ಹತ್ತಿರ ಸೀನುವಂತಿಲ್ಲ. ಬಾಣಂತಿ ಮಗಳು ಸೆಕೆಗೆ ಗೊಣಗಿದಳು. ಮಿಷನ್ನಿಗೆ ತುಕ್ಕು ಹಿಡಿಯಿತೆಂದು ಜಗಳಕ್ಕೆ ಬಂದ ದರ್ಜಿಯ ಮಡಿಲಿಗೆ ಆಕೆ ಮಗುವನ್ನು ಹಾಕಿದಳು. "ಒಂದ್ನಿಮಿಷ ಹಿಡ್ಕೊಳ್ಳಪ್ಪಾ, ಈ ಚೀಟಿಗಳ್ನ ಮಗುಚ್ಬೇಕು."

ದರ್ಜಿ ಉಸಿರು ಬಿಗಿಹಿಡಿದು ಕೂತ. ಮಗು ನಿದ್ದೆ ಹೋಯಿತು. ಅವನಿಗೆ ಏಳಲೂ ಆಗಲಿಲ್ಲ, ಜಗಳವಾಡಲೂ ಆಗಲಿಲ್ಲ.