ತಲೆಕೆಳಗಾಗಿ ನಿಂತ ತಾಯಕ್ಕ

ಚಿತ್ತವಾಡ್ಗಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಡೂರಿನ ಅದಿರು ಲಾರಿಯೊಂದು ಹೊನ್ನೂರಸ್ವಾಮಿಯವರ ಕನ್ನಡಿ ಅಂಗಡಿ ಮುಂದೆ ನಿಂತಿದೆ. ಒಡೆದ ಸೈಡ್ ಮಿರರ್ ಕಿತ್ತು ಅವರು ಹೊಸದನ್ನು ಕೂರಿಸುತ್ತಿದ್ದಾರೆ. ನುಣುಪು ಮೈ ಮುಂದಕ್ಕೆ, ಲೇಪ ಬಳಿದ ಮೈ ಹಿಂದಕ್ಕೆ. ಕಣ್ಣು ಮುಚ್ಚಿಯೂ ಮಾಡಬಲ್ಲ ಕೆಲಸ.

"ಉಬ್ಬುಗನ್ನಡ್ಯಾಗ ಇಡೀ ರಸ್ತೆ ಕಾಣತೈತಪ್ಪ, ಆದ್ರ ಎಲ್ಲಾ ಸಣ್ಣದಾಗಿ. ಹಿಂದಿನ ಗಾಡಿ ಭಾಳ ದೂರ ಐತಿ ಅಂತ ನಂಬಬ್ಯಾಡ," ಎಂದು ಚಾಲಕ ಮಾರೇಶನನ್ನು ಎಚ್ಚರಿಸುತ್ತಾರೆ.

ಕನ್ನಡಿ ಕೆಲಸಕ್ಕೆ ಇಳಿಯುವ ಮೊದಲು ಅವರು ಹಂಪಿಯಲ್ಲಿ ಫೋಟೊ ತೆಗೆಯುತ್ತಿದ್ದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮರದ ಪೆಟ್ಟಿಗೆ ಕ್ಯಾಮೆರಾ, ತಲೆಯ ಮೇಲೆ ಕರಿ ಬಟ್ಟೆ. ಪೆಟ್ಟಿಗೆಯ ಹಿಂಬದಿಯ ಮಸುಕು ಗಾಜಿನ ಮೇಲೆ ಹೊಸ ಮದುಮಕ್ಕಳು, ಕಲ್ಲುಮಂಟಪ ಎಲ್ಲವೂ ತಲೆಕೆಳಗಾಗಿ ಮೂಡುತ್ತಿದ್ದವು.

"ಲೆನ್ಸ್ ದಾಟಿದ್ರ ಮ್ಯಾಲಿನ ಬೆಳಕು ಕೆಳಗ ಬೀಳತೈತ್ರಿ, ಕೆಳಗಿಂದು ಮ್ಯಾಲ. ನನಗ ಮಂದಿ ತಲಿ ಕೆಳಗಿದ್ರನ ಜಲ್ದಿ ಗುರುತು ಸಿಗ್ತಿತ್ತು," ಎಂದು ಕೇಳಿದವರಿಗೆ ಹೇಳಿ ನಗುತ್ತಾರೆ.

ಮೊಬೈಲು ಬಂದು ಆ ಕಸುಬಿಗೆ ಕಲ್ಲು ಬಿತ್ತು. ಅಟ್ಟ ಸೇರಿದ ಕ್ಯಾಮೆರಾದ ಮಸುಕು ಗಾಜನ್ನು ಬೆಕ್ಕು ಬೀಳಿಸಿ ಒಡೆಯಿತು. ಅದರಲ್ಲಿ ಒಬ್ಬ ಮನುಷ್ಯನ ಹರೆಯವಿತ್ತೆಂದು ಬೆಕ್ಕಿಗೇನು ಗೊತ್ತು!

ಅದರ ಬದಲಿಗೆಂದು ಬಿಡುವಾದಾಗಲೆಲ್ಲ ಎಮರಿ ಪುಡಿ, ನೀರು ಹಾಕಿ ಸಾದಾ ಗಾಜೊಂದರ ಒಂದು ಮೈಯನ್ನು ಉಜ್ಜಿ ಉಜ್ಜಿ ಒರಟು ಮಾಡಿದ್ದಾರೆ. ಲಾರಿ ಹೋದ ಮೇಲೆ ಅದನ್ನು ಕ್ಯಾಮೆರಾಗೆ ಕೂರಿಸುತ್ತಾರೆ. ಬಿಂಬ ಸ್ಪಷ್ಟವಾಗಿ ಮೂಡುವ ಜಾಗ ಗುರುತಿಸಲು ಹಿಂದೆ ತಾವೇ ಪೆಟ್ಟಿಗೆಯ ಮೇಲೆ ಕೊರೆದಿದ್ದ ಗೀರಿಗೆ ಸರಿಯಾಗಿ ಲೆನ್ಸ್ ತಂದು, ಹೆಂಡತಿ ತಾಯಕ್ಕನವರನ್ನು ಎಳೆಬಿಸಿಲಿಗೆ ನಿಲ್ಲಿಸುತ್ತಾರೆ. ಊರವರ ಫೋಟೊವೆಲ್ಲ ತೆಗೆದವರು ಆಕೆಯನ್ನು ಈ ಕ್ಯಾಮೆರಾದಲ್ಲಿ ಒಮ್ಮೆಯೂ ಕಂಡಿಲ್ಲ. ಗಿರಾಕಿಗಳ ಗದ್ದಲದಲ್ಲಿ ನಾಳೆ, ನಾಳೆ ಎಂದೇ ಕಾಲ ಸರಿದುಹೋಯಿತು.

ಕರಿ ಬಟ್ಟೆ ಹೊದ್ದು ನೋಡುತ್ತಾರೆ. ತಾಯಕ್ಕ ಬರೀ ಮಬ್ಬು. ಕಣ್ಣೇ ಹೋಯಿತೇನೋ ಎಂದು ಕಣ್ಣುಜ್ಜಿಕೊಂಡು ಮತ್ತೆ ಇಣುಕುತ್ತಾರೆ. ಗಾಜನ್ನು ತಡವಿದರೆ ಬೆರಳಿಗೆ ಒರಟು ಮೈ ತಾಗುತ್ತದೆ. ಅದು ಇರಬೇಕಾದದ್ದು ಒಳಗೆ, ಲೆನ್ಸಿನ ಕಡೆಗೆ; ಗಾಜಿನ ದಪ್ಪದಷ್ಟು ಹಿಂದೆ ಸರಿದದ್ದಕ್ಕೇ ಬಿಂಬ ಮಬ್ಬಾಗಿದೆ. ಕನ್ನಡಿ ಕೂರಿಸಿ ಕೂರಿಸಿ ರೂಢಿಯಾದ ಕೈ ಇಲ್ಲಿಯೂ ನುಣುಪು ಮೈಯನ್ನೇ ಮುಂದಕ್ಕೆ ಮಾಡಿದೆ.

"ಲೇ ಹೊನ್ನೂರಾ, ಇದೇನು ಲಾರಿ ಏನಲೇ!" ಎಂದು ತಮ್ಮನ್ನೇ ಬೈದುಕೊಂಡು ಗಾಜು ತಿರುಗಿಸುತ್ತಾರೆ.

ತಾಯಕ್ಕ ಮೂಡುತ್ತಾರೆ. ಪಾದ ಮೇಲೆ, ಕುಂಕುಮ ಕೆಳಗೆ, ನರೆತ ಕೂದಲು ಎಳೆ ಎಳೆಯಾಗಿ. ಹೊನ್ನೂರಸ್ವಾಮಿಯವರು ಬಟ್ಟೆಯಿಂದ ತಲೆ ಹೊರಗೆ ತೆಗೆಯುವುದೇ ಇಲ್ಲ.

ಕ್ಯಾಮೆರಾದಲ್ಲಿ ಫಿಲ್ಮ್ ಇಲ್ಲ. ಅದು ತಾಯಕ್ಕನವರಿಗೂ ಗೊತ್ತು.

"ಇದು ಉಳಿತೈತೇನ್ರಿ?"

"ಇಲ್ಲ. ನೀ ನಿಂತಿರೋ ತನಕ ಅಷ್ಟ."

ತಾಯಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾರೆ. "ಹಂಗಾದ್ರ ನೋಡ್ರಿ. ನನಗೇನು ಅವಸರ ಇಲ್ಲ."